ತಲೆ ಮಂಕಾದವರಿಗೆ ಚೀಟಿಯಲ್ಲಿ ಬರೆದುಕೊಡಿ

ಮಾನ್ಯರೇ,

ದೀರ್ಘ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಆಗಾಗ ತಲೆ ಮಂಕಾಗುತ್ತದೆ. ನಾಲ್ಕು ದಿನ ಚೆನ್ನಾಗಿರುತ್ತದೆ, ಮತ್ತೆ ಮಬ್ಬು. ಥೈರಾಯ್ಡ್ ಮತ್ತು ರಕ್ತಹೀನತೆಗೆ ಔಷಧಿ ತಗೊಳ್ಳುತ್ತಿರುವ ನನಗೂ ಹೀಗೇ. ಮೊನ್ನೆ ಕುಮಟಾ ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕೊಂಡು ಐನೂರರ ನೋಟು ಕೊಟ್ಟೆ. ವಾಪಸ್ ಎಷ್ಟು ಬರಬೇಕು ಅಂತ ಲೆಕ್ಕವೇ ಹತ್ತಲಿಲ್ಲ. ಮೀನಿನ ಅಕ್ಕ, "ನಿಧಾನಕ್ಕೆ ಎಣಿಸು ತಂಗಿ, ಗಡಿಬಿಡಿ ಇಲ್ಲ" ಅಂದರು. ಆ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. "ಸುಮ್ನೆ ನೆಪ" ಅನ್ನುವವರೇ ಜಾಸ್ತಿ.

ಇದು ಸೋಮಾರಿತನ ಖಂಡಿತ ಅಲ್ಲ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ, ವಿಟಮಿನ್ ಬಿ12 ಅಥವಾ ಕಬ್ಬಿಣದಂಶ ಸಾಲದಿದ್ದರೆ, ನಿದ್ದೆ ಕೆಟ್ಟರೆ ಹೀಗಾಗಬಹುದು. ಕೋವಿಡ್ ಬಂದುಹೋದ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕಾಡಿದೆ. ಕೆಲವು ಕಾರಣಗಳು ರಕ್ತ ಪರೀಕ್ಷೆಯಲ್ಲೇ ಸಿಗುತ್ತವೆ. ಲೆಕ್ಕಪತ್ರದ ಕೆಲಸ ನಾನೀಗ ಬೆಳಿಗ್ಗೆಯೇ ಮುಗಿಸುತ್ತೇನೆ, ದಣಿಯುವ ಮೊದಲೇ ನಿಲ್ಲಿಸುತ್ತೇನೆ. ಉಳಿದದ್ದೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ.

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕಬ್ಬಿಣದ ಮಾತ್ರೆಗೂ ಅದಕ್ಕೂ ಕನಿಷ್ಠ 4 ಗಂಟೆ ಅಂತರ ಬೇಕು. ಒಟ್ಟಿಗೆ ತಗೊಂಡರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇಂಥ ಮಾತನ್ನು ಬಾಯಲ್ಲಿ ಹೇಳಿ ಕಳಿಸಿದರೆ, ತಲೆ ಮಂಕಾದವರು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮರೆತಿರುತ್ತಾರೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಸರಕಾರಿ ಆಸ್ಪತ್ರೆಗಳು ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡಲಿ. ಜೊತೆಗೆ ಬಂದ ಮನೆಯವರನ್ನೂ ಒಳಗೆ ಕರೆದು ವಿವರಿಸಲಿ.

– ಓರ್ವ ಓದುಗಿ, ಕುಮಟಾ