ಬಾಡಿಗೆಗೆ ಬಿಡುವ ಮನೆ: ಮೊದಲ ಖರ್ಚು ಬಚ್ಚಲಿಗೆ, ವೈರಿಂಗಿಗೆ

ಮಾನ್ಯ ಸಂಪಾದಕರೇ,

ಮುಂದೆ ಬಾಡಿಗೆಗೆ ಕೊಡುವ ಯೋಚನೆಯಿಂದ ಮನೆ ದುರಸ್ತಿಗೆ ಕೈಹಾಕುವವರು ಹೆಚ್ಚಾಗಿ ಹಾಲ್‌ನಿಂದಲೇ ಶುರು ಮಾಡುತ್ತಾರೆ. ಫಾಲ್ಸ್ ಸೀಲಿಂಗ್, ಟಿವಿ ಗೋಡೆಗೆ ಪ್ಯಾನೆಲ್, ಮರದ ನೆಲಹಾಸು. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವಷ್ಟರಲ್ಲಿ ಮರದ ನೆಲ ಗೀರು ಬಿದ್ದಿರುತ್ತದೆ, ಪ್ಯಾನೆಲ್ಲಿನಲ್ಲಿ ಮೊಳೆಯ ತೂತುಗಳಿರುತ್ತವೆ. ಫಾಲ್ಸ್ ಸೀಲಿಂಗ್ ಇನ್ನೂ ಕೆಟ್ಟದ್ದು: ಮೇಲಿನ ಸೋರಿಕೆಯನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ನಾವು ಹೇಳುವುದಿಷ್ಟೆ: ಕೆಟ್ಟರೆ ಗೋಡೆಯನ್ನೋ ನೆಲವನ್ನೋ ಒಡೆಯಬೇಕಾದ ಕೆಲಸಗಳನ್ನು ಮನೆ ನಿಮ್ಮ ಕೈಯಲ್ಲಿರುವಾಗಲೇ ಗಟ್ಟಿಯಾಗಿ ಮಾಡಿಸಿ. ಉಳಿದದ್ದಕ್ಕೆ ಕೈ ಬಿಗಿಹಿಡಿಯಿರಿ.

ಬಚ್ಚಲುಮನೆಯೇ ಮೊದಲು. ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಕೂರಿಸಿದರೆ ಖರ್ಚು ಉಳಿಯಿತೆನಿಸುತ್ತದೆ. ಆದರೆ ನೆಲ ಏರಿ ನೀರು ಕೋಣೆಯತ್ತ ಹರಿಯುತ್ತದೆ, ಅಡಿಯ ಸೋರಿಕೆ ಹಾಗೇ ಉಳಿಯುತ್ತದೆ. ಹಳೆಯದನ್ನು ಗಾರೆ ಸಮೇತ ತೆಗೆಸಿ. ಪೈಪು ನೆಲದೊಳಗೆ ಇಳಿಯುವ ಕಡೆಯೆಲ್ಲ ಕುಗ್ಗದ ಗ್ರೌಟ್ (ಸಂದಿ ತುಂಬುವ ಮಿಶ್ರಣ) ತುಂಬಿಸಿ, ನೆಲ ಮತ್ತು ಗೋಡೆ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ. ಆಮೇಲೆ ಪಾಲಿಮರ್ ಬೆರೆತ ಸಿಮೆಂಟ್ ಲೇಪನ ಎರಡು ಕೈ. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡ ದಿಕ್ಕಿನಲ್ಲಿ ಎಳೆಯಬೇಕು. ಗೋಡೆಯ ಮೇಲೆ ಕನಿಷ್ಠ 1 ಅಡಿ, ಶವರ್ ಇರುವಲ್ಲಿ 6 ಅಡಿ ಎತ್ತರದವರೆಗೆ ಲೇಪನ ಹೋಗಲಿ. ಚೆನ್ನಾಗಿ ಒಣಗಿದ ಮೇಲೆ ನೀರು ಹೋಗುವ ಬಾಯಿ ಮುಚ್ಚಿ, 2 ಅಂಗುಲ ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಛಾವಣಿ ನೋಡಿ. ಕೆಲಸದವರು ಅವಸರಪಡಿಸುವುದು ಈ ಪರೀಕ್ಷೆಯ ಹೊತ್ತಿಗೇ, ದಯವಿಟ್ಟು ಬಿಟ್ಟುಕೊಡಬೇಡಿ. ಟೈಲ್ಸ್ ಕೂರಿಸಿದ ಮೇಲೆ ಸೋರಿದರೆ ನೆಲವನ್ನೇ ಅಗೆಯಬೇಕು.

ನೀರು ಹೋಗುವ ಕಡೆಗೆ 1 ಮೀಟರಿಗೆ 10ರಿಂದ 12 ಮಿ.ಮೀ. ವಾಟ ಇರಲಿ. ನೆಲದ ಸಂದಿಗಳಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ, ಸಿಮೆಂಟಿನದು ನೀರು ಕುಡಿದು ಕಪ್ಪಾಗುತ್ತದೆ. ಜಾರದ, ಒರಟು ಮೈಯ ಟೈಲ್ಸನ್ನೇ ಆರಿಸಿ, ಒಂದು ಪೆಟ್ಟಿಗೆ ಹೆಚ್ಚಿಗೆ ತಂದಿಡಿ. ಮುಂದಿನ ಬ್ಯಾಚಿನ ಬಣ್ಣ ಹೊಂದುವ ಖಾತ್ರಿಯಿಲ್ಲ.

ಗೋಡೆಯೊಳಗೆ ಅಡಗುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್) ನೋಡಲು ಚಂದ. ಆದರೆ ಅದರ ಒಳಭಾಗ ಮಾರುಕಟ್ಟೆಯಲ್ಲಿ ನಿಂತುಹೋದ ದಿನ ಟೈಲ್ಸ್ ಒಡೆಯಬೇಕಾಗುತ್ತದೆ. ಹೊರಗೇ ಕಾಣುವ ಮಿಕ್ಸರ್ ಸಾಕು. ವಾಷ್‌ಬೇಸಿನ್, ಫ್ಲಶ್ ಟ್ಯಾಂಕ್, ಗೀಸರ್ ಪ್ರತಿಯೊಂದಕ್ಕೂ ಬೇರೆ ಆಂಗಲ್ ವಾಲ್ವ್ (ಅದೊಂದಕ್ಕೆ ಮಾತ್ರ ನೀರು ನಿಲ್ಲಿಸುವ ಸಣ್ಣ ವಾಲ್ವ್), ಇಡೀ ಬಚ್ಚಲಿಗೆ ಕೈಗೆ ಸಿಗುವಂಥ ಒಂದು ವಾಲ್ವ್ ಇದ್ದರೆ ಒಂದು ನಲ್ಲಿಗಾಗಿ ಮನೆಯ ನೀರೆಲ್ಲ ನಿಲ್ಲಿಸಬೇಕಾಗಿಲ್ಲ.

ವೈರಿಂಗಿನಲ್ಲಿ ಉಳಿತಾಯ ಮಾಡುವುದು ಅಪಾಯ. 3000 ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ತೆಳ್ಳನೆಯ ಹಳೆಯ ತಂತಿ ಬಿಸಿಯಾಗಿ ಅದರ ಹೊದಿಕೆ ಸುಡುತ್ತದೆ. ಗೀಸರಿಗೂ ಎಸಿಗೂ ಮೇನ್ ಬೋರ್ಡಿನಿಂದಲೇ ಬೇರೆ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ತಂತಿ. ಪವರ್ ಸಾಕೆಟ್ಟುಗಳಿಗೆ 2.5, ದೀಪ ಮತ್ತು ಫ್ಯಾನಿಗೆ 1.5. ಎಂಸಿಬಿ, ಅಂದರೆ ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್, ತಂತಿಯನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಬೇಕು, ಜೊತೆಗೆ ಸರಿಯಾದ ಅರ್ಥಿಂಗ್. ಎಂಸಿಬಿ ಪದೇ ಪದೇ ಬೀಳುತ್ತದೆಂದು ತಂತಿ ಬದಲಿಸದೆ 16ರ ಜಾಗಕ್ಕೆ 32 ಆಂಪಿಯರಿನದನ್ನು ಹಾಕಿಸುವುದು ಬೆಂಕಿಗೆ ದಾರಿ. ಅಡುಗೆಕಟ್ಟೆಯ ಮೇಲೆ ಕನಿಷ್ಠ ನಾಲ್ಕು ಸಾಕೆಟ್ ಇಡಿಸಿ. ಕಡಿಮೆ ಬಿದ್ದರೆ ಬಾಡಿಗೆಗೆ ಬಂದವರು ಒಂದೇ ಪ್ಲಗ್ಗಿಗೆ ಫ್ರಿಜ್ಜು, ಮಿಕ್ಸಿ, ಓವನ್ ಎಲ್ಲವನ್ನೂ ಸಿಕ್ಕಿಸುತ್ತಾರೆ. ಅವರ ತಪ್ಪಲ್ಲ ಅದು.

ಅಡುಗೆಮನೆಯ ಸಿಂಕಿನ ಕೆಳಗೆ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ, ಸಣ್ಣ ಸೋರಿಕೆಗೂ ಉಬ್ಬುತ್ತದೆ. ನೀರು ತಡೆದುಕೊಳ್ಳುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ ಬಳಸಿ, ಕತ್ತರಿಸಿದ ಅಂಚುಗಳನ್ನೆಲ್ಲ ಸೀಲ್ ಮಾಡಿಸಿ. ಇಲ್ಲವೇ ಆ ಜಾಗವನ್ನು ತೆರೆದೇ ಬಿಡಿ. ಕಟ್ಟೆಗೆ ಗ್ರಾನೈಟ್ ಒಳ್ಳೆಯದು, ಹುಳಿ ತಗುಲಿದ ಅಮೃತಶಿಲೆಯಲ್ಲಿ ಕಲೆ ಉಳಿಯುತ್ತದೆ. ಎಸಿ, ವಾಷಿಂಗ್ ಮಷೀನ್ ಕೊಂಡು ಕೊಡಬೇಡಿ, ರಿಪೇರಿಯೂ ನಿಮ್ಮ ತಲೆಗೇ ಬರುತ್ತದೆ. ಲೈನು, ನೀರು ಹೋಗುವ ಪೈಪು ಸಿದ್ಧವಿದ್ದರೆ ಸಾಕು.

ಬಣ್ಣ ಕೊನೆಗೆ. ತೇವದ ಮೂಲ ಹುಡುಕದೆ ಪುಟ್ಟಿ ಬಳಿದರೆ ಪದರ ಪದರವಾಗಿ ಉದುರುತ್ತದೆ. ಮನೆಗೆಲ್ಲ ತೊಳೆಯಬಹುದಾದ ಒಂದೇ ಎಮಲ್ಷನ್ ಹೊಡೆಸಿ ಬಣ್ಣದ ಕೋಡ್ ಬರೆದಿಟ್ಟರೆ, ಮುಂದೆ ಕೊಳೆಯಾದ ಗೋಡೆಯೊಂದಕ್ಕೆ ಮಾತ್ರ ಬಳಿದರಾಯಿತು. ಪೈಪು, ತಂತಿಗಳನ್ನು ಗಾರೆಯಿಂದ ಮುಚ್ಚುವ ಮುನ್ನ ಪ್ರತಿ ಗೋಡೆಗೂ ಟೇಪ್ ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆದಿಡಿ. ಮುಂದೆ ಡ್ರಿಲ್ ಹಿಡಿದು ಬರುವವರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.

– ಕಟ್ಟಡ ದುರಸ್ತಿ ಕೆಲಸದಲ್ಲಿರುವ ಓದುಗರು