ಗೆಳೆಯನಿಗೊಂದು ಪತ್ರ: ಜಾರ್ಜೋನೆಯ ಮುಖ

ಪ್ರೀತಿಯ ಗೆಳೆಯಾ,

ಹದಿನೇಳನೆಯ ಶತಮಾನದ ಅಚ್ಚುಚಿತ್ರಕಾರ ಹಾಲರ್ ಮಾಡಿದ, ವೆನಿಸ್‌ನ ವರ್ಣಚಿತ್ರಕಾರ ಜಾರ್ಜೋನೆಯ ಮುಖದ ಎಚ್ಚಿಂಗ್ (ತಾಮ್ರದ ತಗಡನ್ನು ಆಸಿಡ್‌ನಿಂದ ಕೊರೆದು ತೆಗೆದ ಅಚ್ಚು) ಸಿಕ್ಕಿದೆ, ಕೊಳ್ಳಲೇ ಎಂದು ಕೇಳಿದ್ದೀಯ. ಅವಸರ ಬೇಡ. ಮೊದಲು ಭೂತಗನ್ನಡಿ ಹಿಡಿ. ಗೆರೆ ಚುಕ್ಕಿ ಚುಕ್ಕಿಯಾಗಿ ಒಡೆದು ಕಂಡರೆ ಅದು ಆಫ್‌ಸೆಟ್, ಅಂದರೆ ಈಗಿನ ಯಂತ್ರದ ಮುದ್ರಣ, ಅಲ್ಲಿಗೇ ಬಿಡು. ಆಸಿಡ್ ತಿಂದ ಗೆರೆಯ ತುದಿ ಮೊಂಡಾಗಿರುತ್ತದೆ. ಉಳಿಯಿಂದ ಕೆತ್ತಿದ್ದಾದರೆ ಸಣ್ಣಗಾಗುತ್ತ ಚೂಪಾಗಿ ಮುಗಿಯುತ್ತದೆ. ಕಾಗದವನ್ನು ಬೆಳಕಿಗೆ ಒಡ್ಡು: ಒತ್ತೊತ್ತಾದ ಸಣ್ಣ ಗೆರೆಗಳು, ಅವನ್ನು ಅಡ್ಡ ಹಾಯುವ ದೂರದೂರದ ಗೆರೆಗಳು ಕಾಣಬೇಕು, ಹಳೆಯ ಕೈಕಾಗದದ ಗುರುತು ಅದು. ತಗಡಿನ ಅಂಚು ಒತ್ತಿದ ತಗ್ಗು ಇಲ್ಲವೆಂದು ಗಾಬರಿಯಾಗಬೇಡ, ಹಳೆಯ ಸಂಗ್ರಾಹಕರು ಅದನ್ನು ಕತ್ತರಿಸಿಬಿಡುತ್ತಿದ್ದರು.

ಆಮೇಲೆ ಕಪ್ಪನ್ನು ನೋಡು. ತಾಮ್ರದ ತಗಡಿಗೆ ಮೇಣ, ರಾಳ ಕರಗಿಸಿದ ತೆಳು ಲೇಪ ಬಳಿದು, ಸೂಜಿಯಿಂದ ಲೇಪವನ್ನಷ್ಟೇ ಗೀಚಿ ಆಸಿಡ್ ಹಾಕುತ್ತಾರೆ. ಗೀಚಿದಲ್ಲಿ ಆಸಿಡ್ ತಾಮ್ರವನ್ನು ಕೊರೆಯುತ್ತದೆ, ಆ ಗೆರೆಯಲ್ಲಿ ಶಾಯಿ ನಿಲ್ಲುತ್ತದೆ. ಕೆನ್ನೆಯ ಗೆರೆಗಳಿಗೆ ಸ್ವಲ್ಪ ಹೊತ್ತು ಸಾಕು, ಅವನ್ನು ವಾರ್ನಿಷ್‌ನಿಂದ ಮುಚ್ಚಿ ಕೂದಲಿಗೆ, ಕವಚಕ್ಕೆ ಮತ್ತೆ ಆಸಿಡ್. ಹೆಚ್ಚು ಹೊತ್ತು ಬಿಟ್ಟರೆ ಪಕ್ಕಪಕ್ಕದ ಗೆರೆಗಳ ನಡುವಿನ ತಾಮ್ರದ ಗೋಡೆಯೇ ಕುಸಿಯುತ್ತದೆ. ಆಗ ಆ ಹಳ್ಳದಲ್ಲಿ ಶಾಯಿ ನಿಲ್ಲದೆ, ಗಾಢ ಕಪ್ಪು ಬರಬೇಕಾದಲ್ಲಿ ಬೂದಿ ಬಣ್ಣದ ಕಲೆ ಬೀಳುತ್ತದೆ. ಹಾಲರನ ಕೈ ಅಲ್ಲಿ ಸೋತದ್ದು ಕಡಿಮೆ. ಆದ್ದರಿಂದ ಇಡೀ ಅಚ್ಚೇ ಮಂಕಾಗಿದ್ದರೆ ತಗಡು ಸವೆದ ಮೇಲೆ ತೆಗೆದದ್ದೆಂದು ಅನುಮಾನಿಸು.

ಆದರೆ ನನ್ನನ್ನು ಕಾಡುತ್ತಿರುವುದು ಬೇರೆ. ಅಚ್ಚಿನ ಮೇಲೆ ಇಟಾಲಿಯನ್‌ನಲ್ಲಿ ‘ಜಾರ್ಜೋನೆಯ ನಿಜವಾದ ಭಾವಚಿತ್ರ’ ಎಂದಿದೆ. ಜಾರ್ಜೋನೆ ತೀರಿಕೊಂಡದ್ದು 1510ರಲ್ಲಿ, ಅಚ್ಚು 1650ರದು. ಮೂಲವೆಂದು ಸಾಮಾನ್ಯವಾಗಿ ಒಪ್ಪಿರುವ, ಜರ್ಮನಿಯ ಬ್ರೌನ್‌ಶ್ವೈಗ್ ಮ್ಯೂಸಿಯಮ್ಮಿನ ವರ್ಣಚಿತ್ರವನ್ನು ಆಮೇಲೆ ಯಾರೋ ಕತ್ತರಿಸಿದ್ದಾರೆ. ಜಾರ್ಜೋನೆ ತನ್ನನ್ನು ಬೈಬಲ್‌ನ ವೀರ ದಾವೀದನಾಗಿ ಚಿತ್ರಿಸಿಕೊಂಡು ಕೈಯಲ್ಲಿ ಹಿಡಿದಿದ್ದ ದೈತ್ಯ ಗೊಲಿಯಾತನ ತಲೆ ಅಲ್ಲಿಲ್ಲ, ಈ ಅಚ್ಚಿನಲ್ಲಿದೆ. ಗಂಟಿಕ್ಕಿದ ಆ ಹುಬ್ಬಿನ ದುಃಖ ಯಾರದು? ಜಾರ್ಜೋನೆಯದೋ, ಅಂತರ್ಯುದ್ಧದ ಇಂಗ್ಲೆಂಡ್ ಬಿಟ್ಟು ಆಂಟ್‌ವರ್ಪ್‌ನಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದ ಹಾಲರನದೋ? ನಿನಗೆ ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ: ಜಾರ್ಜೋನೆ ಎಂದರೆ ನನಗೆ ಬಣ್ಣ ನೆನಪಾಗುವುದಿಲ್ಲ, ಈ ಗೆರೆಗಳೇ ಕಣ್ಣಿಗೆ ಬರುತ್ತವೆ. ನಾನು ಇಷ್ಟು ವರ್ಷ ಪ್ರೀತಿಸಿದ್ದು ಇನ್ನೊಬ್ಬನ ಮುಖವೇನೋ ಎಂದು ಭಯವಾಗುತ್ತದೆ.

ಇರಲಿ, ಈ ಮಾತು ಸಾಕು. ಕೊಂಡರೆ ಆಮ್ಲವಿಲ್ಲದ ರಟ್ಟಿನಲ್ಲಿಡಿಸು, ಗಾಜು ಕಾಗದಕ್ಕೆ ತಾಗದಿರಲಿ, ಬಿಸಿಲು ಬೀಳುವ ಗೋಡೆ ಬೇಡ. ಮಾರುವವರು ‘ಬಹಳ ಅಪರೂಪ’ ಎಂದರೆ ತಟ್ಟನೆ ನಂಬಿಬಿಡಬೇಡ!

ನಿನ್ನ ಗೆಳೆಯ