ಪೊಮೇರಿಯನ್ ಅಮ್ಮನಿಗೆ ಥ್ಯಾಂಕ್ಸ್

ನಿಮ್ಮ ಹೆಸರು ಗೊತ್ತಿಲ್ಲ ಅಮ್ಮಾ. ಮೈಸೂರಿನಲ್ಲಿ ಪಶು ಆಸ್ಪತ್ರೆಯ ಸಾಲಿನಲ್ಲಿ, ಮುದಿ ಪೊಮೇರಿಯನ್ ನಾಯಿಯೊಂದನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಿರಿ. ತಂಗಿಯ ಮಗು ಮನೆಗೆ ಬಂದಾಗಿನಿಂದ ನಮ್ಮ ನಾಯಿ ರಾಜ ತೊಟ್ಟಿಲ ಹತ್ತಿರ ಗುರ್ ಅನ್ನುತ್ತಿದ್ದ. ನೆಂಟರೆಲ್ಲ "ಯಾರಿಗಾದ್ರೂ ಕೊಟ್ಬಿಡಿ" ಅಂದಿದ್ದರು. ನೀವು ಮಾತ್ರ, "ಗುರ್ ಅಂದ್ರೆ ಬೈಬೇಡಪ್ಪ. ಅದು ಮೊದಲೇ ಎಚ್ಚರಿಸ್ತಿದೆ. ಬಾಯಿ ಮುಚ್ಚಿಸಿದ್ರೆ ನಾಳೆ ಹೇಳದೇ ಕಚ್ಚುತ್ತೆ" ಅಂದಿರಿ.

ಮಗುವಿಗೆ ಸುತ್ತಿದ್ದ ಬಟ್ಟೆಯನ್ನು ರಾಜ ಮೂಸಲಿ ಅಂದಿರಿ. ಮಗು ಎದುರಿಗಿರುವಾಗಲೇ ಬೇಯಿಸಿದ ಕೋಳಿ ತುಂಡು ಸಿಗಲಿ, ಮಗು ಮಲಗಿದ ಮೇಲಲ್ಲ. ಸಂಜೆ ವಾಕಿಂಗ್ ತಪ್ಪದಿರಲಿ. ಸುಮ್ನೆ ಆಕಳಿಸಿ, ತುಟಿ ನೆಕ್ಕಿ, ಮುಖ ತಿರುಗಿಸಿದರೆ ಅವನಿಗೆ ಸಾಕಾಗಿದೆ ಅಂತ, ಆಗ ಮೆಲ್ಲಗೆ ದೂರ ಕರೆಯಬೇಕು. ಎಷ್ಟೇ ಸಾಧು ನಾಯಿಯಾದರೂ ಮಗುವಿನ ಜೊತೆ ಅದೊಂದನ್ನೇ ಬಿಡಲೇಬಾರದು ಅಂತ ಒತ್ತಿ ಹೇಳಿದಿರಿ.

ಈಗ ರಾಜ ಬಾಣಂತಿ ಕೋಣೆಯ ಹೊಸ್ತಿಲಾಚೆ ಚಾಪೆ ಮೇಲೆ ಮಲಗುತ್ತಾನೆ. ಮಗು ಅತ್ತರೆ ಬಾಲ ಆಡಿಸಿ ನಮ್ಮ ಕೈ ನೋಡುತ್ತಾನೆ, ಕೋಳಿ ಎಲ್ಲಿ ಅಂತ. ಅಜ್ಜಿಯ ಗೊಣಗಾಟ ಮಾತ್ರ ನಿಂತಿಲ್ಲ. ಅದಕ್ಕೆ ಮದ್ದು ನಿಮ್ಮ ಹತ್ತಿರವೂ ಇರಲಾರದು, ಅಲ್ವಾ? ತುಂಬಾ ಥ್ಯಾಂಕ್ಸ್ ಅಮ್ಮಾ.